ಹರಳೆಣ್ಣೆ: ಯಾವುದಕ್ಕೆ ಮದ್ದು, ಯಾವುದಕ್ಕೆ ಅಲ್ಲ

ಹಳೆಯ ಮನೆಗಳಲ್ಲಿ ಹರಳೆಣ್ಣೆಗೆ ಕೆಲಸ ಒಂದೆರಡಲ್ಲ. ಅಭ್ಯಂಜನದ ದಿನ ನೆತ್ತಿಗೆ ತಟ್ಟಲು, ತೊಗರಿಬೇಳೆಗೆ ಹುಳು ಬೀಳದಂತೆ ಸವರಲು, ಹೊಟ್ಟೆ ಕಟ್ಟಿದವರಿಗೆ ಕುಡಿಸಲು ಅದೇ ಬೇಕು. ಉತ್ತರ ಕರ್ನಾಟಕದಲ್ಲಿ ಇದು ಔಡಲೆಣ್ಣೆ, ಆಯುರ್ವೇದದಲ್ಲಿ ಏರಂಡತೈಲ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲೂ ಹರಳು ಗಿಡದ ಪ್ರಸ್ತಾಪವಿದೆ. ಇಷ್ಟು ಹಳೆಯ ಮದ್ದು ಕರುಳಿನಲ್ಲಿ ಯಾವ ಅಣುವಿಗೆ ಹೋಗಿ ತಾಗುತ್ತದೆ ಎಂಬುದು ಗೊತ್ತಾದದ್ದು ಮಾತ್ರ 2012ರಲ್ಲಿ.

ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 90ರಷ್ಟು ರಿಸಿನೋಲಿಕ್ ಆಮ್ಲ. ಬೇರಾವ ಅಡುಗೆ ಎಣ್ಣೆಯಲ್ಲೂ ಇದು ಈ ಪ್ರಮಾಣದಲ್ಲಿಲ್ಲ. ಎಣ್ಣೆ ಕುಡಿದಾಗ ಸಣ್ಣ ಕರುಳಿನ ಲೈಪೇಸ್ ಕಿಣ್ವ ಈ ಆಮ್ಲವನ್ನು ಬಿಡಿಸುತ್ತದೆ. ಅದು ಕರುಳಿನ ಸ್ನಾಯುಕೋಶಗಳ ಮೇಲಿರುವ ಇಪಿ3 ಎಂಬ ಗ್ರಾಹಕಕ್ಕೆ ಅಂಟಿಕೊಂಡಾಗ ಸ್ನಾಯು ಸಂಕುಚಿಸಿ, ಮಲ ಮುಂದಕ್ಕೆ ಸಾಗುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ವಿಜ್ಞಾನಿಗಳು ಈ ಗ್ರಾಹಕವಿಲ್ಲದ ಇಲಿಗಳಿಗೆ ಹರಳೆಣ್ಣೆ ಕೊಟ್ಟು ನೋಡಿದರು, ಭೇದಿಯಾಗಲಿಲ್ಲ.

ಅದೇ ಗ್ರಾಹಕ ಗರ್ಭಕೋಶದಲ್ಲೂ ಇದೆ. ಹೆರಿಗೆ ನೋವು ಬರಲೆಂದು ಹರಳೆಣ್ಣೆ ಕುಡಿಸುವ ಹಳೆಯ ರೂಢಿಗೆ ಕಾರಣ ಇಲ್ಲಿದೆ, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು ಎನ್ನುವುದಕ್ಕೂ ಇದೇ ಕಾರಣ.

ಹರಳುಬೀಜದಲ್ಲಿ ರಿಸಿನ್ ಎಂಬ ಘೋರ ವಿಷವೂ ಇದೆ. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಲೇಖಕ ಗಿಯೋರ್ಗಿ ಮಾರ್ಕೊವ್ ಅವರ ಕೊಲೆಗೆ ಬಳಕೆಯಾದದ್ದು ಇದೇ ಎನ್ನಲಾಗಿದೆ. ಆದರೆ ರಿಸಿನ್ ಒಂದು ಪ್ರೋಟೀನು. ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿಗೆ ಕೆಡುತ್ತದೆ. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುವ ನಮ್ಮ ಹಳ್ಳಿಯ ಕ್ರಮದಲ್ಲಿ ವಿಷ ಕಳೆಯುವ ಉಪಾಯವೂ ಸೇರಿತ್ತು. ಉಳಿದ ಹಿಂಡಿಯನ್ನು ಮಾತ್ರ ದನಕರುಗಳ ಬಾಯಿಗೆ ಸಿಗದಂತೆ ಇಡಬೇಕು.

ಚರ್ಮದ ಮೇಲೆ ಹಚ್ಚಿದ ಹರಳೆಣ್ಣೆ ತೇವ ಆರದಂತೆ ತಡೆಯುತ್ತದೆ. ಒಡೆದ ಹಿಮ್ಮಡಿಗೆ, ಒಣ ತುಟಿಗೆ ಅದು ಹಿತ. ಕೂದಲಿಗೆ ಹೊಳಪು ಕೊಡುತ್ತದೆ. ಉದುರಿದ ಕೂದಲನ್ನು ಮತ್ತೆ ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಹೊಕ್ಕುಳಿಗೆ ಬಿಟ್ಟರೆ ಕಣ್ಣು ಚುರುಕಾಗುತ್ತದೆ ಎಂಬ ಮೊಬೈಲ್ ವೈದ್ಯಕ್ಕೂ ಆಧಾರವಿಲ್ಲ. ಹೊಕ್ಕುಳಿನಿಂದ ಕಣ್ಣಿಗೆ ಎಣ್ಣೆ ಒಯ್ಯುವ ದಾರಿಯೇ ದೇಹದಲ್ಲಿಲ್ಲ. ಎಳೆಮಕ್ಕಳ ಮೂಗಿಗೆ ಎಣ್ಣೆ ಬಿಡುವುದಂತೂ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಔಷಧ ಕಾರ್ಖಾನೆಗಳಲ್ಲಿ ಮಾತ್ರ ಹರಳೆಣ್ಣೆಗೆ ಹೊಸ ಕೆಲಸಗಳು ಸಿಕ್ಕಿವೆ. ಕಾಲ್ಬೆರಳ ಸಂದಿನ ಶಿಲೀಂಧ್ರ ಸೋಂಕಿಗೆ ಹಚ್ಚುವ ಅಂಡೆಸಿಲೆನಿಕ್ ಆಮ್ಲ ತಯಾರಾಗುವುದು ಇದರಿಂದಲೇ. ನೀರಿನಲ್ಲಿ ಕರಗದ ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲ್ಲನ್ನು ರಕ್ತನಾಳಕ್ಕೆ ಕೊಡಲು ಹರಳೆಣ್ಣೆಯಿಂದ ಮಾಡಿದ ದ್ರಾವಕ ಬಳಸುತ್ತಾರೆ.

ಇನ್ನು ಮನೆಮದ್ದಿನ ಮಾತು: ಮಲಬದ್ಧತೆಗೆ ಹರಳೆಣ್ಣೆ ಎಂದೋ ಒಮ್ಮೆ ಆಗಬಹುದು, ನಿತ್ಯದ ಅಭ್ಯಾಸ ಬೇಡ. ಪದೇ ಪದೇ ಭೇದಿಯಾದರೆ ದೇಹದ ನೀರು, ಪೊಟ್ಯಾಸಿಯಂ ಸೋರಿಹೋಗುತ್ತವೆ. ಕಾರಣ ತಿಳಿಯದ ಹೊಟ್ಟೆನೋವು, ವಾಂತಿ ಇದ್ದಾಗ ಹರಳೆಣ್ಣೆ ಕುಡಿಯಬೇಡಿ, ಮೊದಲು ವೈದ್ಯರಿಗೆ ತೋರಿಸಿ.