ಮಾಜಾಂಗ್ ಮೇಜಿಗೆ ಹಲಗೆಗಳನ್ನು ಆರಿಸುವ ಬಗೆ

ಚದುರಂಗಕ್ಕೆ ಇಬ್ಬರಿದ್ದರೆ ಸಾಕು. ಇಸ್ಪೀಟಿಗೆ ಎಷ್ಟು ಮಂದಿ ಸೇರಿದರೂ ಒಂದಲ್ಲ ಒಂದು ಆಟ ಉಂಟು. ಮಾಜಾಂಗ್ ಆಟದ ರೀತಿ ಹಾಗಲ್ಲ. ಚೌಕನಾದ ಮೇಜಿನ ನಾಲ್ಕು ದಿಕ್ಕಿನಲ್ಲಿಯೂ ಒಬ್ಬೊಬ್ಬರು ಕುಳಿತಾಗಲೇ ಅದಕ್ಕೆ ಕಳೆ. ವಯಸ್ಸಾದ ಒಬ್ಬರು ಕೈ ನಡುಗುವುದೆಂದೋ ಕಣ್ಣು ಕಾಣಿಸದೆಂದೋ ಹಿಂದೆಗೆದರೆ, ಉಳಿದ ಮೂವರ ಸಂಜೆಯೂ ಬರಿದಾಗುತ್ತದೆ. ಬಿಲ್ಲೆಗಳನ್ನು ನಿಲ್ಲಿಸುವ ಹಲಗೆಯಂತಹ ಸಣ್ಣ ಸಾಮಗ್ರಿಗೆ ಈ ಆಟದಲ್ಲಿ ಇಷ್ಟು ಮಹತ್ವ ಬಂದಿರುವುದು ಈ ಕಾರಣದಿಂದಲೇ.

ಮಾಜಾಂಗ್ ಚೀನ ದೇಶದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಆಟ. ಅಲ್ಲಿ ಅದಕ್ಕಿರುವ ಒಂದು ಹೆಸರಿಗೆ ಗುಬ್ಬಚ್ಚಿ ಎಂದು ಅರ್ಥ. ಚೀನೀ ಕಟ್ಟಿನಲ್ಲಿ ಸಾಮಾನ್ಯವಾಗಿ 144 ಬಿಲ್ಲೆಗಳು: ಚಕ್ರ, ಬಿದಿರು, ಅಕ್ಷರ ಎಂಬ ಮೂರು ಬಣಗಳ 108, ನಾಲ್ಕು ದಿಕ್ಕಿನ ಗಾಳಿಗಳ 16, ಡ್ರ್ಯಾಗನ್‌ಗಳ 12, ಹೂವು ಮತ್ತು ಋತುಗಳ 8. ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ಪರವಾಗಿ ಚೀನದಲ್ಲಿದ್ದ ಜೋಸೆಫ್ ಪಾರ್ಕ್ ಬ್ಯಾಬ್‌ಕಾಕ್ ಎಂಬ ಅಮೆರಿಕನ್ನನು 1920ರ ಸುಮಾರಿಗೆ ನಿಯಮಗಳನ್ನು ಸರಳಗೊಳಿಸಿ ಈ ಆಟವನ್ನು ತನ್ನ ನಾಡಿಗೆ ಪರಿಚಯಿಸಿದನು. 1923ರಲ್ಲಿ ಅಮೆರಿಕದಲ್ಲಿ ಅದರ ಹುಚ್ಚು ಎಷ್ಟು ಹಬ್ಬಿತೆಂದರೆ, ಬಿಲ್ಲೆ ಕೆತ್ತಲು ಚೀನದಲ್ಲಿ ಎಲುಬು ಸಾಲದೆ, ಷಿಕಾಗೋ ಕಸಾಯಿಖಾನೆಗಳ ದನದ ಎಲುಬನ್ನು ಹಡಗಿನಲ್ಲಿ ಷಾಂಘೈಗೆ ಕಳುಹಬೇಕಾಯಿತು! ಆ ಹುಚ್ಚು ಇಳಿದ ಮೇಲೂ ಆಟ ಉಳಿದುಕೊಂಡಿತು. ಅದನ್ನು ಉಳಿಸಿದವರಲ್ಲಿ ಹೆಂಗಸರೇ ಹೆಚ್ಚು. 1937ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ನ್ಯಾಷನಲ್ ಮಾಜಾಂಗ್ ಲೀಗ್ ಇಂದಿಗೂ ವರ್ಷಕ್ಕೊಮ್ಮೆ ಗೆಲುವಿನ ಜೋಡಣೆಗಳ ಹೊಸ ಪಟ್ಟಿಯನ್ನು ಪ್ರಕಟಿಸುತ್ತದೆ. ನಮ್ಮ ದೇಶದಲ್ಲಿಯೂ ವಾಯುಪಡೆಯ ಅಧಿಕಾರಿಗಳ ಕುಟುಂಬಗಳಲ್ಲಿ ಈ ಆಟ ಬಹುಕಾಲದಿಂದ ರೂಢಿಯಲ್ಲಿದೆ.

ಹಲಗೆ ಬೇಕಾದುದೇಕೆ?

ಚೀನೀಯರ ಬಿಲ್ಲೆ ದಪ್ಪನಾದುದು. ಮೇಜಿನ ಮೇಲೆ ತಾನಾಗಿಯೇ ನಿಲ್ಲುತ್ತದೆ. ಆದುದರಿಂದ ಅವರಿಗೆ ಹಲಗೆಯ ಗೊಡವೆಯಿಲ್ಲ. ಅಮೆರಿಕದ ಕಟ್ಟುಗಳಲ್ಲಿ ಬಿಲ್ಲೆ ತೆಳುವಾಯಿತು, ನಿಲ್ಲಿಸಿದರೆ ಬೀಳತೊಡಗಿತು. ಬಿಲ್ಲೆ ಮುಖ ಮೇಲಾಗಿ ಬಿದ್ದಿತೆಂದರೆ ಕೈಯ ಗುಟ್ಟು ಎದುರಾಳಿಗೆ ತಿಳಿದಂತೆಯೇ. ಯುವಕರಿಗೆ ಅದು ನಗೆಯ ಮಾತು. ಬೆರಳ ಗಂಟುಗಳು ನೋಯುವ ಮುದುಕಿಗೆ ಮಾತ್ರ ಮೂರು ಬಾರಿ ಹಾಗಾದರೆ ನಾಲ್ಕನೆಯ ಬಾರಿ ಮೇಜಿಗೆ ಬರುವುದಕ್ಕೇ ಸಂಕೋಚ. ರ‍್ಯಾಕ್ ಎಂದು ಕರೆಯುವ ಈ ಹಲಗೆ ಆ ಸಂಕೋಚವನ್ನು ತಪ್ಪಿಸುತ್ತದೆ. ಅದರ ಒಳಮೈಯಲ್ಲಿ ಬಿಲ್ಲೆಗಳು ಒರಗಿ ನಿಲ್ಲುವ ಇಳಿಜಾರು. ತಲೆಯ ಮೇಲೆ, ಎಲ್ಲರಿಗೂ ತೋರಿಸಬೇಕಾದ ಜೋಡಣೆಗಳನ್ನು ಇಡಲು ಮಟ್ಟಸವಾದ ಅಂಚು.

ಅಳತೆ ಮೊದಲು, ಅಂದ ಆಮೇಲೆ

ಕೊಳ್ಳುವವರು ಬಣ್ಣಕ್ಕೆ ಮರುಳಾಗಿ ಮೊದಲು ಹಲಗೆಯನ್ನು ಆರಿಸುವುದುಂಟು. ಇದು ಸರಿಯಾದ ಕ್ರಮವಲ್ಲ. ಬಿಲ್ಲೆಯನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಹಲಗೆಯನ್ನು ನೋಡಬೇಕು. ಇಲ್ಲಿ ಸ್ವಲ್ಪ ಲೆಕ್ಕವಿದೆ. ಜೋಕರ್‌ಗಳೂ ಸೇರಿ ಅಮೆರಿಕನ್ ಆಟಕ್ಕೆ 152 ಬಿಲ್ಲೆಗಳು. ನಾಲ್ವರೂ ತಮ್ಮ ಪಾಲಿನ 38ನ್ನು ಎರಡೆರಡಾಗಿ ಪೇರಿಸಿ, ಹಲಗೆಯ ಮುಂದೆ 19 ಜೋಡಿಗಳ ಗೋಡೆ ಕಟ್ಟುತ್ತಾರೆ. ಬಿಲ್ಲೆಯ ಅಗಲ 22 ಮಿಲಿಮೀಟರ್ ಇದ್ದರೆ ಗೋಡೆಯ ಉದ್ದ 418 ಮಿಲಿಮೀಟರ್, ಎಂದರೆ ಸುಮಾರು 16½ ಅಂಗುಲ. ಹಲಗೆ ಇದಕ್ಕಿಂತ ಒಂದೂವರೆ ಅಂಗುಲವಾದರೂ ಉದ್ದವಿದ್ದರೆ ಒಳ್ಳೆಯದು. ಚೀನೀ ಪದ್ಧತಿಯಲ್ಲಿ 144 ಬಿಲ್ಲೆಗಳಿಗೆ 18 ಜೋಡಿಗಳ ಗೋಡೆ. ಬಿಲ್ಲೆಯ ಅಗಲ 30 ಮಿಲಿಮೀಟರ್ ಇದ್ದಲ್ಲಿ ಅದು 21 ಅಂಗುಲವನ್ನು ಮೀರುತ್ತದೆ. ಅಂತಹ ಬಿಲ್ಲೆಗೆ ಅಮೆರಿಕನ್ ಹಲಗೆಯನ್ನು ಕೊಂಡರೆ ಹಣ ದಂಡ.

ಉದ್ದ ಸರಿಹೋದ ಮೇಲೆ ಇಳಿಜಾರನ್ನು ಪರೀಕ್ಷಿಸಬೇಕು. ಕೈಯಲ್ಲಿರುವ 13 ಬಿಲ್ಲೆಗಳನ್ನೂ ಹೊಸದಾಗಿ ಎತ್ತಿಕೊಂಡ ಒಂದನ್ನೂ ನಿಲ್ಲಿಸಿ, ಮೇಜನ್ನು ಮೆಲ್ಲಗೆ ತಟ್ಟಬೇಕು, ಒಂದೂ ಬೀಳಬಾರದು. ಕುಳಿತಲ್ಲಿಂದಲೇ, ಕತ್ತು ಬಗ್ಗಿಸದೆ, ಎಲ್ಲ ಬಿಲ್ಲೆಗಳ ಮುಖವೂ ಕಾಣಬೇಕು. ಪಕ್ಕದಲ್ಲಿ ಕುಳಿತವರಿಗೆ ಯಾವುದೂ ಕಾಣಬಾರದು. ಹಲಗೆ ಜಾರದಷ್ಟು ತೂಕವಿರಬೇಕು, ಅಡಿಯಲ್ಲಿ ಮೆತ್ತನೆಯ ಬಟ್ಟೆ ಅಂಟಿಸಿರಬೇಕು.

ಕೆಲವು ಹಲಗೆಗಳಿಗೆ ತಿರುಗಣೆಯಿಂದ ಕೂಡಿಸಿದ ಒಂದು ತಳ್ಳುಪಟ್ಟಿ ಇರುತ್ತದೆ. ಗೋಡೆಯನ್ನು ಮೇಜಿನ ನಡುವಿಗೆ ಸರಿಸಬೇಕಾದಾಗ ಆ ಪಟ್ಟಿಯನ್ನು ಮುಂದಕ್ಕೆ ದೂಡಿದರಾಯಿತು. ಸಾಲು ಕೆಡದೆ ಮುಂದೆ ಹೋಗುತ್ತದೆ. ಗಟ್ಟಿ ಕೈಯುಳ್ಳವರಿಗೆ ಇದು ಅನುಕೂಲ ಮಾತ್ರ. ನಡುಗುವ ಕೈಗೆ ಅಗತ್ಯವೇ ಸರಿ. ಮರದ ಹಲಗೆಯನ್ನು ತೇವ ತಗಲದಂತೆ ಇಡಬೇಕು, ಇಲ್ಲವಾದರೆ ಸೊಟ್ಟಗಾಗುತ್ತದೆ. ಗಾಜಿನಂತೆ ಹೊಳೆಯುವ ಅಕ್ರಿಲಿಕ್ ಹಲಗೆ ಸೊಟ್ಟಗಾಗದು, ಆದರೆ ಬೇಗ ಗೀಚು ಬೀಳುತ್ತದೆ. ಅದನ್ನು ಮದ್ಯಸಾರದಿಂದ ಒರೆಸಿದರೆ ಕೂದಲೆಳೆಯಂತಹ ಬಿರುಕುಗಳು ಮೂಡುವುದುಂಟು. ಒದ್ದೆಯ ಮೆತ್ತನೆಯ ಬಟ್ಟೆ ಸಾಕು.

ಉಳಿದ ಸಾಮಗ್ರಿ

ಮೇಜಿನ ಹಾಸು ಕೇವಲ ಅಲಂಕಾರವಲ್ಲ. ಬಿಲ್ಲೆಗಳನ್ನು ಕಲೆಸುವಾಗ ಏಳುವ ಕಟಕಟ ಸದ್ದನ್ನು ಅದು ತಗ್ಗಿಸುತ್ತದೆ, ನೆರೆಮನೆಯವರು ನಿದ್ರಿಸಬಹುದು. ಹಾಸಿನ ಮೇಲೆ ದೊಡ್ಡ ಹೂಬಳ್ಳಿಗಳಿದ್ದರೆ ಕಣ್ಣಿಗೆ ಬಿಲ್ಲೆ ತೊಡಕಾಗುವುದರಿಂದ ಒಂದೇ ಬಣ್ಣದ ಹಾಸು ಲೇಸು. ಲೀಗಿನ ಪಟ್ಟಿ ದೊಡ್ಡ ಅಕ್ಷರಗಳಲ್ಲಿಯೂ ದೊರೆಯುತ್ತದೆ. ಅದನ್ನು ಕೊಳ್ಳಲು ನಾಚಬೇಕಾದುದಿಲ್ಲ.

ಹಳೆಯ ಕಟ್ಟನ್ನು ಕೊಳ್ಳುವವರು ಬಿಲ್ಲೆಗಳನ್ನು ಎಣಿಸಿ, ಬೆನ್ನುಗಳನ್ನು ಒಂದೊಂದಾಗಿ ನೋಡತಕ್ಕದ್ದು. ಹಳೆಯ ಕಟ್ಟುಗಳಲ್ಲಿ ಈಗಿನ ಎಂಟು ಜೋಕರ್‌ಗಳು ಇರದಿರಬಹುದು. ಮಿಕ್ಕ ಬಿಲ್ಲೆಗಳಿಗೆ ಚೀಟಿ ಅಂಟಿಸಿ ಜೋಕರ್ ಮಾಡಿಕೊಳ್ಳುವ ವಾಡಿಕೆಯುಂಟು. ಅವುಗಳ ಬೆನ್ನಿನ ಬಣ್ಣ ಬೇರೆಯಾಗಿದ್ದರೆ, ಅಥವಾ ಒಂದು ಬಿಲ್ಲೆಯ ಮೂಲೆ ಒಡೆದಿದ್ದರೆ, ಅದನ್ನು ಹಿಂದಿನಿಂದಲೇ ಗುರುತಿಸಬಹುದು. ಆಗ ಎಷ್ಟು ಪ್ರಾಮಾಣಿಕರು ಆಡಿದರೂ ಆಟ ಪ್ರಾಮಾಣಿಕವಾಗದು. ದಂತದ್ದೆಂದು ಹೇಳಿ ಮಾರುವ ಬಿಲ್ಲೆಗಳಲ್ಲಿ ಬಹುಪಾಲು ಎಲುಬಿನವು: ಎಲುಬಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳೂ ಗೀರುಗಳೂ ಕಾಣುತ್ತವೆ. ನಿಜವಾಗಿ ದಂತವೇ ಆಗಿದ್ದರೆ ಅದನ್ನು ಕೊಳ್ಳದಿರುವುದೇ ಸರಿ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ನಿರ್ಣಯ 1989ರಲ್ಲಿಯೇ ಆಯಿತು.

ಅಂಗಡಿಗೆ ಹೋಗುವ ಮುನ್ನ ನಾಲ್ವರಲ್ಲಿ ಯಾರ ಕೈ ದುರ್ಬಲ, ಯಾರ ದೃಷ್ಟಿ ಮಂದ ಎಂಬುದನ್ನು ನೆನೆಯುವುದು ಮೇಲು. ಸಾಧ್ಯವಾದರೆ ಅವರನ್ನೇ ಕರೆದೊಯ್ದು, ಅವರ ಕೈಯಿಂದಲೇ 14 ಬಿಲ್ಲೆಗಳನ್ನು ನಿಲ್ಲಿಸಿ ನೋಡಬೇಕು. ಅವರಿಗೆ ಒಗ್ಗಿದ ಹಲಗೆ ಉಳಿದ ಮೂವರಿಗೂ ಒಗ್ಗುತ್ತದೆ. ಉಳಿದ ಮೂವರಿಗೆ ಒಗ್ಗಿದುದು ಅವರಿಗೆ ಒಗ್ಗುವುದೆಂಬ ಭರವಸೆಯಿಲ್ಲ.