ಬರಿದನ್ನು ಅಳೆಯುವ ಬಗೆ: ವಾಯುಮಾಪಕಗಳ ಮಾಪನಾಂಕ ನಿರ್ಣಯ ಮತ್ತು ಶೂನ್ಯಗಾಳಿ ಯಂತ್ರದ ಪಾಲನೆ

ತೂಗುವ ಮುನ್ನ ಬರಿ ತಕ್ಕಡಿಯನ್ನು ಎತ್ತಿ ತೋರಿಸುವುದು ಸಂತೆಯ ಹಳೆಯ ಮರ್ಯಾದೆ. ತಟ್ಟೆಗಳು ಸಮನಾಗಿ ನಿಲ್ಲದಿದ್ದರೆ ಹಗುರಾದ ಕಡೆಗೆ ಸಣ್ಣ ಕಲ್ಲೊಂದನ್ನು ಕಟ್ಟಿ ಸರಿದೂಗಿಸಿದ ಮೇಲೆಯೇ ವ್ಯಾಪಾರ. ಗೂಡು ತುಂಬಿದ ಬುಟ್ಟಿಯ ತೂಕದಿಂದ ಬರಿ ಬುಟ್ಟಿಯ ತೂಕವನ್ನು ಕಳೆಯಬೇಕೆಂಬುದು ರೇಷ್ಮೆ ಬೆಳೆಗಾರನಿಗೆ ಯಾರೂ ಕಲಿಸಿಕೊಡಬೇಕಾದ ಸಂಗತಿಯಲ್ಲ. ಜನಪದರ ಅಳತೆಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಸೇರು, ಬಳ್ಳ, ಕೊಳಗಗಳ ಪ್ರಮಾಣಗಳನ್ನು ಪಟ್ಟಿ ಮಾಡುತ್ತವೆ. ಅಳತೆಗೆ ಮೊದಲು ಬರಿದನ್ನು ಅಳೆಯುವ ಈ ಹೆಜ್ಜೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಳತೆಯ ನ್ಯಾಯವೆಲ್ಲ ನಿಂತಿರುವುದು ಈ ಹೆಜ್ಜೆಯ ಮೇಲೆ. ಗಾಳಿಯ ಮಾಲಿನ್ಯವನ್ನು ಅಳೆಯುವ ಆಧುನಿಕ ಯಂತ್ರಗಳ ವಿಷಯದಲ್ಲಿಯೂ ಇದು ಹೀಗೆಯೇ ಇದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿಹೊಲ ಮತ್ತು ಹಿಪ್ಪುನೇರಳೆ ತೋಟಗಳ ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಪಿಳ್ಳಗುಂಪೆಗಳು ಇದಕ್ಕೆ ನಿದರ್ಶನ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ವಾಹನ ಸಂಚಾರವೂ ಹೆಚ್ಚಿತು. ರೇಷ್ಮೆಹುಳುವಿನ ಮನೆಯ ಬಳಿಗೆ ಹೊಗೆಸೊಪ್ಪನ್ನಾಗಲಿ ಕಟುವಾಸನೆಯ ಪದಾರ್ಥವನ್ನಾಗಲಿ ತರಬಾರದೆಂಬ ನಿಯಮವನ್ನು ಪಾಲಿಸುತ್ತ ಬಂದ ಬೆಳೆಗಾರನಿಗೆ ಗಾಳಿ ಕೆಟ್ಟಿರುವುದು ಹುಳುವಿನಿಂದಲೇ ತಿಳಿದೀತು. ಆದರೆ ಅಹವಾಲಿನ ಸಂದರ್ಭದಲ್ಲಿ ಆ ಅರಿವಿಗೆ ಬೆಲೆಯಿಲ್ಲ. ಅಲ್ಲಿ ಕೇಳುವುದು ಅಂಕೆಯನ್ನು.

ಆ ಅಂಕೆಗೆ ಆಧಾರ 2009ರ ನವೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸಿದ ರಾಷ್ಟ್ರೀಯ ಮಾನಕಗಳು. ಅವುಗಳ ಪ್ರಕಾರ ಗಂಧಕದ ಡೈಆಕ್ಸೈಡ್ 24 ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 80 ಮೈಕ್ರೊಗ್ರಾಂ ಮೀರಬಾರದು. ಇಷ್ಟು ಸೂಕ್ಷ್ಮವಾದ ಪ್ರಮಾಣವನ್ನು ಹೇಳುವ ಮಾಪಕಕ್ಕೆ ಮೊದಲು ಸೊನ್ನೆ ಯಾವುದೆಂದು ತೋರಿಸಬೇಕು. ತಕ್ಕಡಿಯ ತಟ್ಟೆಯನ್ನು ಬರಿದು ಮಾಡುವುದು ಸುಲಭ. ಗಾಳಿಯನ್ನು ಬರಿದು ಮಾಡುವುದು ಹೇಗೆ? ಸುತ್ತಣ ಗಾಳಿಯನ್ನೇ ಎಳೆದು, ಅಳೆಯಬೇಕಾದ ಅನಿಲಗಳನ್ನೆಲ್ಲ ತೆಗೆದು ಕೊಡುವ ಯಂತ್ರಕ್ಕೆ ಜೀರೋ ಏರ್ ಜನರೇಟರ್, ಅಂದರೆ ಶೂನ್ಯಗಾಳಿ ಯಂತ್ರವೆಂದು ಹೆಸರು. ಮಾಪಕವಿರುವ ಸ್ಥಳಕ್ಕೆ ಹೊತ್ತೊಯ್ಯಬಲ್ಲ ಸಣ್ಣ ಪೆಟ್ಟಿಗೆಯ ರೂಪದಲ್ಲಿಯೂ ಅದು ದೊರೆಯುತ್ತದೆ. ಶೂನ್ಯವೆಂದರೆ ಇಲ್ಲಿ ಎಲ್ಲವೂ ಇಲ್ಲವೆಂದಲ್ಲ. ಸಾರಜನಕ, ಆಮ್ಲಜನಕಗಳು ಹಾಗೆಯೇ ಉಳಿಯುತ್ತವೆ, ಉಳಿಯಲೂ ಬೇಕು. ಮಾಪಕವು ಮುಂದೆ ಅಳೆಯುವುದು ಗಾಳಿಯಲ್ಲಿರುವ ಮಲಿನವನ್ನೇ ಆದ್ದರಿಂದ ಅದರ ಸೊನ್ನೆಯೂ ಗಾಳಿಯೇ ಆಗಿರತಕ್ಕದ್ದು.

ಪೆಟ್ಟಿಗೆಯೊಳಗಿನ ಪಂಪು ಗಾಳಿಯನ್ನು ಒತ್ತಿ ಕಳುಹಿಸುತ್ತದೆ. ಒತ್ತಿದ ಗಾಳಿ ತಣಿದಾಗ ಹನಿಯುವ ನೀರು ಕೆಳಗಿನ ಬಟ್ಟಲಿನಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ಬಸಿಯದಿದ್ದರೆ ಮುಂದಿನ ಕೊಳವೆಗಳೆಲ್ಲ ಒದ್ದೆಯಾಗುತ್ತವೆ. ಉಳಿದ ತೇವವನ್ನು ಸಿಲಿಕಾ ಹರಳುಗಳು ಹೀರುತ್ತವೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಲೇಪಿಸಿದ ಗುಂಡುಗಳು ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡಾಗಿ ಮಾರ್ಪಡಿಸುತ್ತವೆ. ಇದ್ದಿಲು ಮೊದಲನೆಯದನ್ನು ಹಿಡಿಯಲಾರದು, ಎರಡನೆಯದನ್ನು ಹಿಡಿಯುತ್ತದೆ. ಆದುದರಿಂದ ಗುಂಡುಗಳು ಇದ್ದಿಲಿಗಿಂತ ಮುಂಚೆ ಇರಬೇಕು. ಗಂಧಕದ ಡೈಆಕ್ಸೈಡ್ ಮತ್ತು ಓಝೋನುಗಳೂ ಇದ್ದಿಲಿನಲ್ಲಿಯೇ ನಿಲ್ಲುತ್ತವೆ. ಕಾರ್ಬನ್ ಮಾನಾಕ್ಸೈಡ್ ಇವಾವುದಕ್ಕೂ ಬಗ್ಗುವುದಿಲ್ಲ. ಅದನ್ನು ಸುಡಲು ಬಿಸಿಮಾಡಿದ ವೇಗವರ್ಧಕದ ಕೋಶವೊಂದಿರುತ್ತದೆ. ಇದ್ದಿಲಿನ ಪುಡಿಯೇ ಹೊರಗೆ ಬಾರದಂತೆ ಕೊನೆಯಲ್ಲಿ ನವಿರಾದ ಶೋಧಕ. ಕೋಶಗಳ ಕ್ರಮ ತಯಾರಕರನ್ನು ಅನುಸರಿಸಿ ತುಸು ವ್ಯತ್ಯಾಸವಾಗುವುದುಂಟು.

ಪಾಲನೆಯ ವಿಷಯದಲ್ಲಿ ಕಣ್ಣಿಗೆ ಕಾಣುವುದು, ಕಾಣದಿರುವುದು ಎಂಬ ಭೇದ ಮುಖ್ಯವಾದುದು. ನೀಲಿ ಸಿಲಿಕಾ ತೇವಗೊಂಡಾಗ ಗುಲಾಬಿಗೆ ತಿರುಗುತ್ತದೆ. ಅದನ್ನು ಎಸೆಯಬೇಕಾಗಿಲ್ಲ, ಸುಮಾರು 120 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಥಂಡಿಗೆ ಸಡಿಲಗೊಂಡ ತಮಟೆಯನ್ನು ಹುಲ್ಲಿನ ಉರಿಗೆ ಹಿಡಿದು ನಾದ ಬರಿಸುವ ಕಲಾವಿದನಿಗೆ ಇದರ ತತ್ತ್ವ ಹೊಸದಲ್ಲ. ಮಳೆಗಾಲದಲ್ಲಿ ಎರಡೂ ಕೆಲಸ ಹೆಚ್ಚು. ಪರ್ಮಾಂಗನೇಟ್ ಗುಂಡು ನೇರಳೆ ಬಣ್ಣ ಕಳೆದುಕೊಂಡು ಕಂದಾದರೆ ಬದಲಿಸಲೇಬೇಕು. ಇದ್ದಿಲು ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ತುಂಬಿ ಹೋದ ಇದ್ದಿಲೂ ಹೊಸದರಷ್ಟೇ ಕಪ್ಪು. ಆದ್ದರಿಂದ ಅದನ್ನು ತುಂಬಿದ ದಿನಾಂಕವನ್ನೂ ಯಂತ್ರ ನಡೆದ ಗಂಟೆಗಳನ್ನೂ ಪುಸ್ತಕದಲ್ಲಿ ಬರೆಯದೆ ಗತ್ಯಂತರವಿಲ್ಲ.

ಹೊತ್ತು ತಿರುಗುವ ಯಂತ್ರಕ್ಕೆ ಅದರದೇ ತೊಂದರೆಗಳಿವೆ. ಜೀಪಿನಲ್ಲಿ ಅಡ್ಡಲಾಗಿ ಮಲಗಿಸಿದ ಪೆಟ್ಟಿಗೆಯಲ್ಲಿ ಹರಳುಗಳು ಕುಲುಕಿ ಒಂದು ಮಗ್ಗುಲಿಗೆ ಸರಿಯುತ್ತವೆ. ಗಾಳಿ ಆ ಸಂದಿನಿಂದಲೇ ನುಸುಳಿ ಶುದ್ಧವಾಗದೆ ಹೊರಬರುತ್ತದೆ. ವಿದ್ಯುತ್ ನಿಲುಗಡೆಯಾದಾಗ ಡೀಸೆಲ್ ಜನರೇಟರ್ ಹಚ್ಚಿ, ಅದರ ಹೊಗೆಕೊಳವೆಯ ಪಕ್ಕದಲ್ಲೇ ಯಂತ್ರದ ಬಾಯಿಯನ್ನಿಟ್ಟರೆ ಇದ್ದಿಲು ಬಹುಬೇಗ ಸೋಲುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಬಯಲಿನಲ್ಲಿ ವಾಯುಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಹೀಗಾಗಿ ಹರಿವನ್ನು ಗಾತ್ರದಿಂದಲ್ಲ, ದ್ರವ್ಯರಾಶಿಯಿಂದ ಅಳೆಯುವ ನಿಯಂತ್ರಕ ಲೇಸು.

ನಡೆಸುವ ಕ್ರಮದಲ್ಲಿ ಅವಸರ ಸಲ್ಲದು. ಬಿಸಿಕೋಶ ತಕ್ಕ ಶಾಖಕ್ಕೆ ಬರುವವರೆಗೆ ಕಾಯಬೇಕು, ಮೊದಲ ಗಾಳಿಯನ್ನು ಹೊರಗೆ ಬಿಡಬೇಕು. ಮಾಪಕ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒದಗಿಸಿ, ಮಿಕ್ಕದ್ದು ಹೊರಹೋಗಲು ತೆರಪಿರಿಸಬೇಕು. ಒತ್ತಡದ ಗಾಳಿಯನ್ನು ನೇರವಾಗಿ ತೂರಿಸಿದರೆ ಓದು ಕೆಡುತ್ತದೆ. ಅಂಕೆ ಸ್ಥಿರವಾಗಿ ನಿಂತ ಮೇಲೆ ಸೊನ್ನೆಯನ್ನು ಹೊಂದಿಸಿ, ಬಳಿಕ ಗೊತ್ತಿರುವ ಪ್ರಮಾಣದ ಅನಿಲದಿಂದ ಮೇಲಣ ಅಂಕೆಯನ್ನು ಪರೀಕ್ಷಿಸುವುದು ಕ್ರಮ.

ಸೊನ್ನೆ ಕೆಟ್ಟರೆ ಏನಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಶೂನ್ಯಗಾಳಿಯಲ್ಲಿ ನೂರು ಕೋಟಿ ಪಾಲಿಗೆ 5 ಪಾಲು ಗಂಧಕದ ಡೈಆಕ್ಸೈಡ್ ಉಳಿದಿದೆ ಎನ್ನೋಣ. ಅದು ಘನಮೀಟರಿಗೆ ಸುಮಾರು 13 ಮೈಕ್ರೊಗ್ರಾಂ. ಮಾಪಕ ಅದನ್ನೇ ಸೊನ್ನೆಯೆಂದು ಸ್ವೀಕರಿಸುತ್ತದೆ. ಮುಂದಿನ ಪ್ರತಿಯೊಂದು ಓದೂ 13ರಷ್ಟು ತಗ್ಗುತ್ತದೆ. ವಾಸ್ತವವಾಗಿ 85 ಇದ್ದ ದಿನ ಯಂತ್ರ 72 ಎನ್ನುತ್ತದೆ. ಮಾನಕ 80. ಉಲ್ಲಂಘನೆಯೇ ದಾಖಲೆಯಿಂದ ಮಾಯವಾಗುತ್ತದೆ, ಯಾರೂ ಸುಳ್ಳು ಬರೆದಿರುವುದಿಲ್ಲ. ಊರಿನವರ ಅಹವಾಲು ಮಾತ್ರ ಬಿದ್ದುಹೋಗುತ್ತದೆ.

ಈ ದೋಷವನ್ನು ಅದೇ ಮಾಪಕದಿಂದ ಮಾತ್ರ ಪತ್ತೆಹಚ್ಚಲಾಗದು; ಆ ಗಾಳಿಯಿಂದ ಹೊಂದಿಸಿದ ಮಾಪಕ ಆ ಗಾಳಿಗೆ ಸದಾ ಸೊನ್ನೆಯನ್ನೇ ತೋರಿಸುತ್ತದೆ. ಪ್ರಮಾಣಪತ್ರವಿರುವ ಶೂನ್ಯಗಾಳಿಯ ಸಿಲಿಂಡರನ್ನು ತಂದು, ಎರಡನ್ನೂ ಒಂದಾದ ಮೇಲೊಂದರಂತೆ ಮಾಪಕಕ್ಕೆ ಕೊಟ್ಟು ವ್ಯತ್ಯಾಸ ನೋಡುವುದೇ ದಾರಿ. ಹೊಂದಿಸುವ ಮೊದಲು ಮಾಪಕ ತೋರಿಸುತ್ತಿದ್ದ ಅಂಕೆಯನ್ನು ಬರೆದಿಡುವುದೂ ಅಷ್ಟೇ ಅಗತ್ಯ. ಬಹಳ ಕಡೆ ಬಿಟ್ಟುಹೋಗುವುದು ಇದೇ. ಆ ಒಂದು ಅಂಕೆ ಇಲ್ಲದಿದ್ದರೆ, ಹಿಂದಿನ ಮಾಪನಾಂಕ ನಿರ್ಣಯದಿಂದ ಅಂದಿನವರೆಗೆ ಸಂಗ್ರಹವಾದ ದತ್ತಾಂಶದಲ್ಲಿ ಎಷ್ಟು ತಪ್ಪಿದೆಯೆಂದು ತಿಳಿಯಲು ಮತ್ತಾವ ಉಪಾಯವೂ ಇಲ್ಲ.