ಹಿಮದ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕೊಡಗಿನ ಜನರಲ್!

ಒಂದು ಪ್ರಶ್ನೆ ಕೇಳುತ್ತೇನೆ. ಊಹಿಸಿ ನೋಡೋಣ!

1948ರ ಮೇ 24. ಲಡಾಖಿನ ಲೇಹ್ ಪಟ್ಟಣದ ಕಡೆಗೆ ಪಾಕಿಸ್ತಾನದ ಕಡೆಯ ದಾಳಿಕೋರರು ನುಗ್ಗಿ ಬರುತ್ತಿದ್ದಾರೆ. ಊರು ಕಾಯಲು ಇರುವವರು ಒಂದು ಹಿಡಿ ಸೈನಿಕರು. ಅವರಿಗೆ ನೆರವು ತಲುಪಬೇಕೆಂದರೆ ಆಕಾಶವೊಂದೇ ದಾರಿ. ಆದರೆ ಲೇಹ್‌ನಲ್ಲಿ ಅದುವರೆಗೆ ಒಂದೇ ಒಂದು ವಿಮಾನವೂ ಇಳಿದಿಲ್ಲ!

ರನ್‌ವೇ ಇದೆಯೇ? ಇದೆ. ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಕೂಡಿಸಿಕೊಂಡು ಕಲ್ಲು ಹೆಕ್ಕಿ, ಮಣ್ಣು ತಟ್ಟಿ ಮಾಡಿಸಿದ ಪಟ್ಟಿ. ಸಮುದ್ರ ಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲೆ! ಅಲ್ಲಿಗೆ ಹೋಗಬೇಕಾದ ವಿಮಾನ ಎರಡನೇ ಮಹಾಯುದ್ಧದ ಕಾಲದ ಡಕೋಟಾ. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯಿಲ್ಲ. ಎಡಕ್ಕೂ ಬಲಕ್ಕೂ ಹಿಮಶಿಖರಗಳು. ಹಾರಿಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಎಂಥ ಗುಂಡಿಗೆ ಇರಬೇಕು!

ಸರಿ, ಈಗ ಪ್ರಶ್ನೆ. ಈ ಮೊದಲ ಹಾರಾಟದಲ್ಲಿ ಪ್ರಯಾಣಿಕರಾಗಿ ಹೋದವರು ಯಾರು?

ಯಾರೋ ಎಳೆಯ ಕ್ಯಾಪ್ಟನ್ ಅಂದುಕೊಂಡಿರಾ? ತಪ್ಪು! ಇಡೀ 19ನೇ ಡಿವಿಷನ್ನಿನ ದಂಡನಾಯಕ! ಮೇಜರ್ ಜನರಲ್ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ. ಹೌದು, ನಮ್ಮ ಮಡಿಕೇರಿಯ ತಿಮ್ಮಯ್ಯನವರು!

ಸಾವಿರಾರು ಸೈನಿಕರ ಹೊಣೆ ಹೊತ್ತವರು ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ವಿಮಾನವನ್ನು ಹತ್ತುವುದೇ? ನನ್ನನ್ನು ಕೇಳಿದರೆ ಶುದ್ಧ ಹುಚ್ಚು. ಆದರೆ ವಿಮಾನ ಇಳಿಯಿತು! ಅದರ ಹಿಂದೆಯೇ ಸೈನಿಕರನ್ನು ತುಂಬಿಕೊಂಡು ಇನ್ನಷ್ಟು ವಿಮಾನಗಳು ಬಂದವು. ಲೇಹ್ ಉಳಿಯಿತು!

ತಾಳಿ, ಇದು ಬರೀ ಶುರು.

ಅದೇ ವರ್ಷದ ಸೆಪ್ಟೆಂಬರ್. ಶ್ರೀನಗರದಿಂದ ಲಡಾಖಿಗೆ ಹೋಗುವ ಬಾಗಿಲು ಝೋಜಿಲಾ ಕಣಿವೆ. ಎತ್ತರ 11,500 ಅಡಿಗೂ ಹೆಚ್ಚು. ಮೇಲೆ ಬಂಡೆಗಳ ಸಂದಿಯಲ್ಲಿ ಮೆಷಿನ್‌ಗನ್ ಹೂಡಿ ಕುಳಿತ ಶತ್ರು. ಕೆಳಗಿನಿಂದ ಹತ್ತುವ ನಮ್ಮ ಕಾಲ್ದಳಕ್ಕೆ ಮರೆ ಎಂಬುದೇ ಇಲ್ಲ. ದಾಳಿ ಮಾಡಿದರು, ಆಗಲಿಲ್ಲ. ಮತ್ತೆ ಮಾಡಿದರು, ಆಗಲಿಲ್ಲ! ಚಳಿಗಾಲ ಬೇರೆ ಹತ್ತಿರ ಬಂತು. ಹಿಮ ಬಿದ್ದರೆ ಕಣಿವೆ ತಿಂಗಳುಗಟ್ಟಲೆ ಮುಚ್ಚಿಹೋಗುತ್ತದೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇಸಿಗೆಗೆ ನೋಡೋಣ ಅನ್ನುತ್ತಿದ್ದಿರಿ, ಅಲ್ಲವೇ?

ತಿಮ್ಮಯ್ಯ ಟ್ಯಾಂಕ್ ತರಿಸಿದರು!

ಮತ್ತೊಮ್ಮೆ ಓದಿ. ಹೇಸರಗತ್ತೆ ಏದುಸಿರು ಬಿಡುವ ದಾರಿಗೆ ಟ್ಯಾಂಕ್! ಅಷ್ಟು ಎತ್ತರದಲ್ಲಿ ಟ್ಯಾಂಕ್ ಯುದ್ಧ ಮಾಡಿದ್ದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ.

ತಂದ ಬಗೆ ಇನ್ನೂ ಸೊಗಸು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಬರಬೇಕು. ದಾರಿಯ ಸೇತುವೆಗಳು ಅವುಗಳ ಭಾರ ತಡೆಯುವಂಥವಲ್ಲ. ಏನು ಮಾಡಿದರು? ಫಿರಂಗಿ ಕೂರುವ ಗೋಪುರವನ್ನೇ ಬಿಚ್ಚಿ ಬೇರೆಯಾಗಿ ಸಾಗಿಸಿದರು! ಗೂಢಚಾರರ ಕಣ್ಣಿಗೆ ಬೀಳದಂತೆ ಮೇಲೆ ಹೊದಿಕೆ. ಶ್ರೀನಗರ ದಾಟುವಾಗ ಊರಲ್ಲಿ ಕರ್ಫ್ಯೂ!

ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಪ್ರಾಣಿಗಳು ನಡೆಯುವ ಕಾಲುಹಾದಿ. ಅದನ್ನು ಟ್ಯಾಂಕಿನ ಅಗಲಕ್ಕೆ ಕಡಿದವರು ಯಾರು ಗೊತ್ತೇ? ಮದ್ರಾಸ್ ಸ್ಯಾಪರ್ಸ್! ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಯಾರ ಕೇಂದ್ರವಿದೆಯೋ, ಅವರೇ! ಕೊರೆಯುವ ಚಳಿ, ತಲೆಯ ಮೇಲೆ ಶತ್ರುವಿನ ಗುಂಡು. ಬಂಡೆ ಸಿಡಿಸುತ್ತ ದಾರಿ ಮಾಡಿದರು.

ನವೆಂಬರ್ 1. ನೆಲದ ತುಂಬ ಹಿಮ. ಮಧ್ಯಾಹ್ನದ ಮೇಲೆ ಟ್ಯಾಂಕುಗಳು ಗುರುಗುಟ್ಟುತ್ತ ಕಣಿವೆ ಹತ್ತಿದವು. ಬಂಡೆಗಳ ಹಿಂದಿದ್ದವರಿಗೆ ತಮ್ಮ ಕಣ್ಣನ್ನೇ ನಂಬಲಾಗದ ಸ್ಥಿತಿ! ಒಂದೊಂದೇ ಬಂಕರ್‌ಗೆ ಗುರಿಯಿಟ್ಟು ಹೊಡೆದರು. ಹಿಂದೆಯೇ ಕಾಲ್ದಳ. ಎರಡು ಸಲ ಸೇನೆಯನ್ನು ಹಿಮ್ಮೆಟ್ಟಿಸಿದ್ದ ಕಣಿವೆ ಒಂದೇ ದಿನದಲ್ಲಿ ಕೈವಶ!

ಆಗ ಜನರಲ್ ಸಾಹೇಬರು ಎಲ್ಲಿದ್ದರು? ಇಷ್ಟು ಹೊತ್ತಿಗೆ ನಿಮಗೆ ಹೊಳೆದಿರಬೇಕು. ಮುಂಚೂಣಿಯ ಟ್ಯಾಂಕಿನಲ್ಲಿ!

ನವೆಂಬರ್ ಮುಗಿಯುವಷ್ಟರಲ್ಲಿ ದ್ರಾಸ್ ಬಂತು, ಕಾರ್ಗಿಲ್ ಬಂತು, ಲೇಹ್‌ನ ದಾರಿಯೂ ತೆರೆಯಿತು.

ಇನ್ನೊಂದು ಸಂಗತಿ. ಇದನ್ನು ಸಿನಿಮಾದಲ್ಲಿ ತೋರಿಸಿದರೆ ಅತಿಯಾಯಿತು ಅನ್ನುತ್ತೀರಿ! 1945ರಲ್ಲಿ ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಹಾಜರಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ಬರ್ಮಾದ ಕಾಳಗದಲ್ಲಿ ಬ್ರಿಗೇಡ್ ಮುನ್ನಡೆಸಿ ಬಂದವರು. ಅವರ ಅಣ್ಣ ಪೊನ್ನಪ್ಪ? ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದ್ದರು! ಒಂದೇ ಮನೆಯ ಇಬ್ಬರು ಮಕ್ಕಳು, ಒಂದೇ ಯುದ್ಧ, ಎದುರುಬದುರು ಸೇನೆಗಳು!

ಕೊರಿಯಾಕ್ಕೆ ಬನ್ನಿ. 1953. ಯುದ್ಧ ನಿಂತಿದೆ, ಆದರೆ 22,000ಕ್ಕೂ ಹೆಚ್ಚು ಕೈದಿಗಳು ತಾಯ್ನಾಡಿಗೆ ಮರಳುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಈ ಬಿಸಿ ತುಪ್ಪ ಬಿದ್ದದ್ದು ತಟಸ್ಥ ರಾಷ್ಟ್ರಗಳ ಆಯೋಗದ ಕೈಗೆ. ಅದರ ಅಧ್ಯಕ್ಷರು ತಿಮ್ಮಯ್ಯ! ಕೈದಿಗಳನ್ನು ಕಾಯಲು ಬಂದ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ದಕ್ಷಿಣ ಕೊರಿಯಾ ಅಡ್ಡ ನಿಂತಿತು. ಆಮೇಲೆ? ಹಡಗಿನಿಂದ ಅಷ್ಟೂ ಮಂದಿಯನ್ನು ಅಮೆರಿಕದ ಹೆಲಿಕಾಪ್ಟರ್‌ಗಳು ಹೊತ್ತು ಗಡಿಯ ಸೇನಾಮುಕ್ತ ವಲಯದಲ್ಲಿ ಇಳಿಸಿದವು. ನೆಲ ಮುಟ್ಟಲೇ ಇಲ್ಲ!

1957ರಲ್ಲಿ ಭೂಸೇನೆಯ ಮುಖ್ಯಸ್ಥ ಪದವಿ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಟಾಪಟಿ, ರಾಜೀನಾಮೆ. ನೆಹರೂ ಮಾತಿಗೆ ಕಟ್ಟುಬಿದ್ದು ಅದನ್ನು ಹಿಂದಕ್ಕೆ ಪಡೆದರು. ಪಡೆಯಬಾರದಿತ್ತು ಎಂಬುದು ನನ್ನ ಪಕ್ಷ. ಮೂರು ವರ್ಷ ಕಳೆಯುವಷ್ಟರಲ್ಲಿ ಚೀನಾ ಗಡಿಯಲ್ಲಿ ಏನಾಯಿತೆಂಬುದು ನಿಮಗೇ ಗೊತ್ತು.

1961ರಲ್ಲಿ ನಿವೃತ್ತಿ. ಕಾಫಿ ತೋಟ ನೋಡಿಕೊಂಡು ಹಾಯಾಗಿದ್ದರೇ? ಎಲ್ಲಿಯ ಮಾತು! 1964ರಲ್ಲಿ ವಿಶ್ವಸಂಸ್ಥೆ ಕರೆಯಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ, ಶಾಂತಿಪಡೆಗೆ ದಂಡನಾಯಕ ಬೇಕು. ಹೊರಟೇಬಿಟ್ಟರು! 1965ರ ಡಿಸೆಂಬರ್ 18ರಂದು ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ವಯಸ್ಸು ಬರೀ 59. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮೆಡಿಟರೇನಿಯನ್ ದ್ವೀಪವೊಂದರ ಅಂಚೆಚೀಟಿಯಲ್ಲಿ ಕೊಡಗಿನ ಮುಖ!

ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಇದೆ. ಒಂದು ಕಾಲಕ್ಕೆ ಅಲ್ಲಿ ಆರ್‌ಟಿಒ ಕಚೇರಿ ಇತ್ತು ಎಂದರೆ ನಂಬುತ್ತೀರಾ? 2021ರಿಂದ ಅದು ಜನರಲ್ ತಿಮ್ಮಯ್ಯ ಮ್ಯೂಸಿಯಂ. ಅಂಗಳದಲ್ಲೇ ಯುದ್ಧ ಟ್ಯಾಂಕ್ ನಿಂತಿದೆ! ಮುಂದಿನ ಸಲ ಮಡಿಕೇರಿಗೆ ಹೋದಾಗ ರಾಜಾಸೀಟು, ಅಬ್ಬಿ ಜಲಪಾತ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಸನ್ನಿ ಸೈಡ್‌ಗೆ ಹೋಗಿ. ಮಕ್ಕಳನ್ನು ಕರೆದುಕೊಂಡೇ ಹೋಗಿ!